ಮೂರು ಇಂಚು ಎತ್ತರಿಸಿದ ಹಳೇ ಥಾರ್ ತೆಗೆದುಕೊಂಡು ಲೇಹ್‌ಗೆ ಹೋಗಬಹುದಾ?

ಪ್ರಶ್ನೆ: ನಾನು ಕಾಪುವಿನವನು. ಮಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಥಾರ್ ನೋಡಿ ಬಂದಿದ್ದೇನೆ. 2021ರ ಡೀಸೆಲ್, ಹಾರ್ಡ್ ಟಾಪ್, ಮ್ಯಾನ್ಯುವಲ್ ಗೇರ್, 58,000 ಕಿ.ಮೀ. ಓಡಿದೆ. ಮಾರುತ್ತಿರುವವರು ಎರಡನೇ ಮಾಲೀಕರು. ಮೂರು ಇಂಚು ಲಿಫ್ಟ್ ಮಾಡಿಸಿ, 33 ಇಂಚಿನ ಮಡ್ ಟೈರ್ ಹಾಕಿಸಿದ್ದಾರೆ. "ಸಸ್ಪೆನ್ಷನ್ನಿಗೇ ಎರಡು ಲಕ್ಷ ಸುರಿದಿದ್ದೇನೆ, ಲಾಂಗ್ ಟ್ರಿಪ್‌ಗೆ ಇದಕ್ಕಿಂತ ಒಳ್ಳೆ ಗಾಡಿ ಸಿಗುವುದಿಲ್ಲ" ಅನ್ನುತ್ತಾರೆ. ಮುಂದಿನ ಜೂನ್‌ನಲ್ಲಿ ನಾನು, ಹೆಂಡತಿ ಇಬ್ಬರೇ ಸ್ಪಿತಿ, ಲೇಹ್ ನೋಡಿ ಬರಬೇಕು ಎಂದಿದ್ದೇವೆ. ಆದರೆ ಓಡಿಸಿ ನೋಡುವಾಗ ಹೈವೇಯಲ್ಲಿ 80 ದಾಟಿದ ಮೇಲೆ ಸ್ಟೇರಿಂಗ್ ಈಜಾಡಿದ ಹಾಗೆ ಅನಿಸಿತು. "ಮಡ್ ಟೈರ್ ಅಲ್ವಾ, ಹಾಗೇ ಇರುವುದು" ಅಂದರು. ಎತ್ತರಿಸಿದ ಗಾಡಿ ಮುಟ್ಟಲೇಬೇಡ ಎಂದು ನನ್ನ ಭಾವ ಹೇಳುತ್ತಾನೆ. ಹೆಂಡತಿಗೆ ಸೊಂಟ ನೋವು ಬೇರೆ ಇದೆ. ಇದನ್ನು ತೆಗೆದುಕೊಳ್ಳಬಹುದಾ? ಕಾನೂನಿನ ತೊಂದರೆ ಇದೆಯಾ? ಬೇಡ ಅನಿಸಿದರೆ ವಾಪಸ್ ಕಂಪನಿ ಸಸ್ಪೆನ್ಷನ್‌ಗೆ ತರಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಆ ಈಜಾಡಿದ ಸ್ಟೇರಿಂಗ್. ಮೂರು ಇಂಚು, ಎರಡು ಲಕ್ಷ ಎಲ್ಲ ಆಮೇಲಿನ ಮಾತು.

ಯಾಕೆ ಅಂದರೆ, ಲೆಕ್ಕ ಹಾಕಿ ನೋಡಿ. ಕಾಪುವಿನಿಂದ ಲೇಹ್‌ಗೆ ಒಂದು ಕಡೆಗೇ ಮೂರು ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ಅದರಲ್ಲಿ ನಿಜವಾಗಿ ಕೆಟ್ಟ ದಾರಿ ಎಷ್ಟು? ಮನಾಲಿ ಬದಿಯ ಗ್ರಾಂಫೂ ದಾಟಿ, ಸ್ಪಿತಿಗೆ ಹತ್ತಿ ಇಳಿಯುವ ಕುಂಜುಂ ಪಾಸ್ ಕಡೆಗೆ ಹೋಗುವ ಕಲ್ಲುದಾರಿ, ಮಂಜು ಕರಗಿ ರಸ್ತೆ ಮೇಲೆ ಹರಿಯುವ ತೋಡುಗಳು, ಅಲ್ಲಲ್ಲಿ ಕುಸಿದ ಜಾಗ. ಎಲ್ಲ ಸೇರಿದರೂ ಕೆಲವು ನೂರು ಕಿಲೋಮೀಟರ್. ಉಳಿದದ್ದೆಲ್ಲ ಡಾಂಬರು, ಕಾಂಕ್ರೀಟು. ದಿನಕ್ಕೆ ಎಂಟು ಹತ್ತು ಗಂಟೆ, ಲಾರಿಗಳ ಪಕ್ಕದಲ್ಲಿ, 80-90ರಲ್ಲಿ. ಅಷ್ಟು ಹೊತ್ತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸರಿಮಾಡುತ್ತಾ ಕೂತರೆ ಎರಡನೇ ದಿನಕ್ಕೇ ಹೆಗಲು ಬಿದ್ದುಹೋಗುತ್ತದೆ. ಸುಸ್ತಾದ ಡ್ರೈವರ್ ಕೈಯಲ್ಲಿ ಅಂಥ ಗಾಡಿ ಇದ್ದರೆ ಅದು ಅಪಾಯವೇ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. ಮೂರು ಇಂಚು ಲಿಫ್ಟ್ ಮಾಡಿಸಿದರೆ ಗಾಡಿಯ ಕೆಳಗೆ ಎಲ್ಲ ಕಡೆ ಮೂರು ಇಂಚು ಜಾಗ ಜಾಸ್ತಿಯಾಯಿತು ಎಂದು ತುಂಬಾ ಜನ ನಂಬಿದ್ದಾರೆ. ಗಾಡಿಯ ಹಿಂದೆ ಹೋಗಿ ನೆಲಕ್ಕೆ ಕೂತು ಬಗ್ಗಿ ನೋಡಿ. ಥಾರ್‌ನ ಹಿಂದಿನ ಆಕ್ಸಲ್ ಅಡ್ಡಕ್ಕೆ ಒಂದೇ ತುಂಡು. ಅದರ ನಡುವೆ ಕುಂಬಳಕಾಯಿ ಹಾಗೆ ಉಬ್ಬಿದ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗೂಡು ಇದೆ. ಕಲ್ಲಿಗೆ ಹೆಚ್ಚಾಗಿ ತಾಗುವುದು ಅದೇ. ಆ ಆಕ್ಸಲ್ ಕೂತಿರುವುದು ಚಕ್ರದ ಮೇಲೆ, ಸ್ಪ್ರಿಂಗ್ ಕೂತಿರುವುದು ಆಕ್ಸಲ್ ಮೇಲೆ. ಸ್ಪ್ರಿಂಗ್ ಎಷ್ಟೇ ಉದ್ದ ಮಾಡಿ, ಮೇಲೆ ಹೋಗುವುದು ಚಾಸಿಸ್ ಮತ್ತು ಬಾಡಿ. ಡಿಫರೆನ್ಷಿಯಲ್ ಒಂದು ಮಿಲಿಮೀಟರ್ ಕೂಡ ಏಳುವುದಿಲ್ಲ.

ಅದನ್ನು ಎತ್ತುವುದು ಟೈರ್ ಮಾತ್ರ. ಕಂಪನಿಯ 18 ಇಂಚಿನ ವೀಲ್‌ನಲ್ಲಿ ಬರುವ 255/65 ಟೈರಿನ ಒಟ್ಟು ಎತ್ತರ ಸುಮಾರು 789 ಮಿ.ಮೀ. 33 ಇಂಚು ಅನ್ನುವ ಟೈರುಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ 16 ಇಂಚಿನ 285/75 ಸುಮಾರು 834 ಮಿ.ಮೀ. ವ್ಯತ್ಯಾಸ 45. ಅದರ ಅರ್ಧ ಮಾತ್ರ ಆಕ್ಸಲ್‌ಗೆ ಸಿಗುತ್ತದೆ, ಅಂದರೆ ಸುಮಾರು 22 ಮಿ.ಮೀ. ಒಂದು ಇಂಚೂ ಇಲ್ಲ. ಲಿಫ್ಟ್‌ನಿಂದ ಲಾಭವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಬಂಡೆ ಹತ್ತಿ ಇಳಿಯುವವರಿಗೆ ಹೊಟ್ಟೆ ತಾಗುವುದಿಲ್ಲ, ದೊಡ್ಡ ಟೈರಿಗೆ ಮಡ್‌ಗಾರ್ಡ್ ಒಳಗೆ ಜಾಗ ಸಿಗುತ್ತದೆ. ನಿಮ್ಮ ಪ್ರಯಾಣಕ್ಕೆ ಅದು ಬೇಡ. ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ಹಿಮಾಚಲ ಸಾರಿಗೆಯ ಬಸ್ಸೇ ಹೋಗುತ್ತದೆ. ಕಂಪನಿಯಿಂದ ಬಂದ ಥಾರ್‌ನ 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಅಲ್ಲಿಗೆ ಧಾರಾಳ ಸಾಕು.

ಹಾಗಾದರೆ ಸ್ಟೇರಿಂಗ್ ಯಾಕೆ ಈಜುತ್ತದೆ? ಮಡ್ ಟೈರ್‌ನದ್ದೂ ಸ್ವಲ್ಪ ಪಾಲಿದೆ, ಮಾರುವವರು ಪೂರ್ತಿ ಸುಳ್ಳು ಹೇಳಿಲ್ಲ. ಅದರ ಮೈಮೇಲಿನ ದಪ್ಪ ರಬ್ಬರ್ ಗುಬ್ಬಿಗಳು ಮೆತ್ತಗೆ ಅಲುಗುತ್ತವೆ. ಆದರೆ 80ರಲ್ಲೇ ಗೊತ್ತಾಗುವಷ್ಟು ಈಜಾಟಕ್ಕೆ ಟೈರ್ ಒಂದೇ ಕಾರಣ ಆಗಿರುವುದು ಕಡಿಮೆ.

ಸೈಕಲ್ಲಿನ ಮುಂದಿನ ಫೋರ್ಕ್ ನೆನಪು ಮಾಡಿಕೊಳ್ಳಿ. ಅದು ನೆಟ್ಟಗೆ ನಿಂತಿಲ್ಲ, ಮೇಲ್ತುದಿ ಹಿಂದಕ್ಕೆ ವಾಲಿದೆ. ಕೈ ಬಿಟ್ಟರೂ ಸೈಕಲ್ ನೇರ ಹೋಗುವುದಕ್ಕೆ ಆ ಓರೆಯೂ ಒಂದು ಮುಖ್ಯ ಕಾರಣ. ಕಾರಿನ ಮುಂದಿನ ಚಕ್ರದಲ್ಲೂ ಇಂಥದೇ ಒಂದು ಓರೆ ಇದೆ, ಅದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. 2020ರ ನಂತರದ ಥಾರ್‌ನಲ್ಲಿ ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ, ಮೇಲೊಂದು ಕೆಳಗೊಂದು ಆರ್ಮ್‌ನಲ್ಲಿ ನಿಂತಿವೆ. ಮುಂಭಾಗ ಎತ್ತಿದಾಗ ಆರ್ಮ್‌ಗಳು ಕೆಳಕ್ಕೆ ಇಳಿಜಾರಾಗುತ್ತವೆ. ಈ ಓರೆ ಕಡಿಮೆಯಾಗುತ್ತದೆ, ಚಕ್ರ ಒಳಕ್ಕೋ ಹೊರಕ್ಕೋ ವಾಲಿ ನಿಲ್ಲುವ ಕೋನವೂ (ಕ್ಯಾಂಬರ್) ಬದಲಾಗುತ್ತದೆ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಕೂಡ ಇಳಿಜಾರಾಗುವುದರಿಂದ, ರಸ್ತೆಯ ಹೊಂಡಕ್ಕೆ ಚಕ್ರ ಬಿದ್ದು ಎದ್ದಾಗ ನೀವು ತಿರುಗಿಸದಿದ್ದರೂ ಚಕ್ರ ಒಂಚೂರು ತಿರುಗುತ್ತದೆ. ನಿಮಗೆ ಈಜಾಟ ಅನಿಸಿದ್ದು ಇದೇ ಇರಬೇಕು. ಇದನ್ನು ಸರಿಮಾಡಲು ಲಿಫ್ಟ್‌ಗೆಂದೇ ಮಾಡಿದ ಮೇಲಿನ ಆರ್ಮ್ ಹಾಕಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಬೇಕು. ತುಂಬಾ ಜನ ಸ್ಪ್ರಿಂಗ್‌ಗೆ ದುಡ್ಡು ಕೊಡುತ್ತಾರೆ, ಆರ್ಮ್‌ಗೆ ಕೊಡುವುದಿಲ್ಲ. ಯಾಕೆಂದರೆ ಅದು ಹೊರಗೆ ಕಾಣುವುದಿಲ್ಲ.

ಇನ್ನು ಎತ್ತರಿಸಿದ್ದು ಹೇಗೆ ಎಂದು ನೋಡಬೇಕು. ಪೂರ್ತಿ ಕಿಟ್ ಆದರೆ ಸ್ಪ್ರಿಂಗ್, ಶಾಕ್ ಎರಡೂ ಹೊಸದು, ಸ್ಪ್ರಿಂಗ್ ಮೇಲೆ ಪಾರ್ಟ್ ನಂಬರ್ ಇರುತ್ತದೆ. ಆ ನಂಬರಿನಿಂದ ಎಷ್ಟು ಭಾರಕ್ಕೆ ಮಾಡಿದ ಸ್ಪ್ರಿಂಗ್ ಎಂದೂ ಗೊತ್ತಾಗುತ್ತದೆ. ಕಡಿಮೆ ಖರ್ಚಿನ ದಾರಿ ಸ್ಪೇಸರ್. ಕಂಪನಿಯ ಸ್ಪ್ರಿಂಗ್ ಮೇಲೆ ಇಡ್ಲಿ ದಪ್ಪದ ಒಂದು ಬಿಲ್ಲೆ ಇಟ್ಟು ಎತ್ತುವುದು. ಮಡ್‌ಗಾರ್ಡ್ ಒಳಗೆ ಟಾರ್ಚ್ ಬಿಟ್ಟರೆ ಸ್ಪ್ರಿಂಗ್‌ನ ತಲೆಯ ಮೇಲೆ ಅದು ಕಾಣುತ್ತದೆ. ಅಲ್ಲಿ ಹಳೇ ಶಾಕ್, ಹಳೇ ಸ್ಪ್ರಿಂಗ್, ಹೊಸ ಎತ್ತರ. ಆರ್ಮ್‌ನ ತುದಿಯ ಬಾಲ್ ಜಾಯಿಂಟ್, ಮುಂದಿನ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ ಎಲ್ಲ ತಮ್ಮ ಮಿತಿಯ ತುದಿಯಲ್ಲೇ ದಿನಾ ಕೆಲಸ ಮಾಡಬೇಕಾಗುತ್ತದೆ. ಮೂರು ಇಂಚನ್ನು ಸ್ಪೇಸರ್‌ನಲ್ಲೇ ಎತ್ತಿದ್ದರೆ ನಾನಾದರೆ ಆ ಗಾಡಿಯ ಹತ್ತಿರ ಹೋಗುವುದಿಲ್ಲ. ಎರಡು ಲಕ್ಷದ ಬಿಲ್ ಇದೆಯಾ ಎಂದು ಕೇಳಿ. ಕಿಟ್ ಹಾಕಿಸಿದವರು ಬಿಲ್ ಇಟ್ಟುಕೊಂಡಿರುತ್ತಾರೆ.

ಹಿಂದಿನ ಭಾಗದ ಬಗ್ಗೆ ನಾನು ಸ್ವಂತ ಅನುಭವದಿಂದಲೇ ಹೇಳುತ್ತೇನೆ. ಸುಮಾರು ಹತ್ತು ವರ್ಷದ ಹಿಂದೆ ನನ್ನ ಬಳಿ ಹಳೇ ಮಾದರಿಯ ಥಾರ್ ಇತ್ತು, ಹಿಂದೆ ಪಾಟಾ (ಲೀಫ್ ಸ್ಪ್ರಿಂಗ್) ಇರುವಂಥದ್ದು. ಒಂದು ಗ್ಯಾರೇಜಿನಲ್ಲಿ, ಪಾಟಾದ ತುದಿಯನ್ನು ಚಾಸಿಸ್‌ಗೆ ಕಟ್ಟುವ ಶ್ಯಾಕಲ್ ಉದ್ದದ್ದು ಹಾಕಿಸಿ ಎತ್ತರಿಸಿದೆ. ಊರಲ್ಲಿ ಓಡಿಸುವಾಗ ಏನೂ ಗೊತ್ತಾಗಲಿಲ್ಲ. 60 ದಾಟಿದರೆ ಸೀಟಿನ ಕೆಳಗೆ ಸಣ್ಣ ನಡುಕ. ವೀಲ್ ಬ್ಯಾಲೆನ್ಸಿಂಗ್ ಎರಡು ಸಲ ಮಾಡಿಸಿದೆ, ಹೋಗಲಿಲ್ಲ. ಆಟಿ ತಿಂಗಳ ಒಂದು ರಾತ್ರಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಗುಂಡ್ಯಕ್ಕೆ ಇನ್ನೂ ಸ್ವಲ್ಪ ದೂರ ಇತ್ತು. ಕೆಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಶಬ್ದ ಬಂತು. ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಕೀಲು, ತುಂಡಾಗಿ, ಶಾಫ್ಟ್ ಒಂದು ಕಡೆ ಬಿದ್ದು ರಸ್ತೆಗೆ ಉಜ್ಜುತ್ತಿತ್ತು. ಗಾಡಿಯಲ್ಲಿ ಅಪ್ಪ ಅಮ್ಮ ಇದ್ದರು. ಮಳೆ, ಕತ್ತಲೆ, ಹಿಂದೆ ಲಾರಿಗಳ ಸಾಲು. ಶಾಫ್ಟ್‌ನ ಮುಂದಿನ ತುದಿ ಬಿದ್ದು ನೆಲಕ್ಕೆ ಚುಚ್ಚಿದ್ದರೆ ಗಾಡಿಯೇ ಎದ್ದು ಬೀಳಬಹುದಿತ್ತು. ಗಾಡಿ ಎತ್ತಿದಾಗ ಶಾಫ್ಟಿನ ಕೋನ ಜಾಸ್ತಿಯಾಗಿ ಕ್ರಾಸ್ ಮೇಲೆ ಒತ್ತಡ ಬೀಳುತ್ತದೆ. ಆವತ್ತಿನಿಂದ ಎತ್ತರಿಸಿದ ಗಾಡಿ ಯಾರು ತಂದರೂ ನಾನು ಮೊದಲು ಶಾಫ್ಟಿನ ಕೋನ ನೋಡುತ್ತೇನೆ.

ನೀವು ನೋಡಿದ ಗಾಡಿಯಲ್ಲಿ ಪಾಟಾ ಇಲ್ಲ, ಹಿಂದೆಯೂ ಕಾಯಿಲ್ ಸ್ಪ್ರಿಂಗ್. ಆದರೂ ಗಾಡಿ ಎತ್ತಿದರೆ ಶಾಫ್ಟಿನ ಕೋನ ಬದಲಾಗುವುದು ತಪ್ಪುವುದಿಲ್ಲ. ಜೊತೆಗೆ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ ಒಂದು ಅಡ್ಡ ರಾಡ್ ಇದೆ. ಅದರ ಒಂದು ತುದಿ ಚಾಸಿಸ್‌ಗೆ, ಇನ್ನೊಂದು ಆಕ್ಸಲ್‌ಗೆ. ಚಾಸಿಸ್ ಮೇಲೆ ಹೋದಾಗ ಈ ರಾಡ್ ಆಕ್ಸಲ್ ಅನ್ನೇ ಒಂದು ಬದಿಗೆ ಎಳೆಯುತ್ತದೆ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎರಡೂ ಬದಿಯ ಮಡ್‌ಗಾರ್ಡ್ ಅಂಚಿನಿಂದ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಡಿ. ದಾರದಿಂದ ಟೈರ್ ಎಷ್ಟು ಹೊರಗೆ ಅಥವಾ ಒಳಗೆ ಇದೆ ಎಂದು ಸ್ಕೇಲ್ ಹಿಡಿದು ಅಳೆಯಿರಿ. ಎರಡು ಬದಿಯಲ್ಲೂ ಹೆಚ್ಚು ಕಡಿಮೆ ಒಂದೇ ಬರಬೇಕು. ಒಂದು ಕಡೆ ಒಂದು ಸೆಂಟಿಮೀಟರ್ ಜಾಸ್ತಿ ಬಂದರೆ ಆ ರಾಡ್ ಬದಲಿಸಿಲ್ಲ ಎಂದೇ ತಿಳಿಯಿರಿ.

ಇಲ್ಲಿಗೆ ಬಂದ ಮೇಲೆ ಗಾಡಿಯನ್ನು ಜ್ಯಾಕ್ ಹಾಕಿ ಎತ್ತಿಸದೆ ಮುಂದೆ ಹೋಗಬೇಡಿ. ಚಾಸಿಸ್‌ಗೆ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಗಾಳಿಯಲ್ಲಿ ಪೂರ್ತಿ ನೇತಾಡಬೇಕು. ಆಗ ಬ್ರೇಕಿನ ರಬ್ಬರ್ ಪೈಪ್ ನೋಡಿ. ಅದರಲ್ಲಿ ಸಡಿಲ ಇರಬೇಕು. ವೀಣೆಯ ತಂತಿ ಹಾಗೆ ಬಿಗಿದು ನಿಂತಿದ್ದರೆ ಯಾವುದಾದರೂ ದೊಡ್ಡ ಹೊಂಡದಲ್ಲಿ ಅದು ಕಿತ್ತು ಹೋಗಬಹುದು. ಅದರ ಪಕ್ಕದಲ್ಲೇ ಎಬಿಎಸ್‌ನ ವೈರ್ ಇದೆ, ಅದನ್ನೂ ನೋಡಿ. ಮುಂದಿನ ಡ್ರೈವ್ ಶಾಫ್ಟಿನ ರಬ್ಬರ್ ಬೂಟಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ. ಎತ್ತರಿಸಿದ ಗಾಡಿಯಲ್ಲಿ ಹೊರಗಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಮೊದಲು ಒಡೆಯುತ್ತವೆ. ವೀಲ್‌ನ ಒಳಬದಿಗೆ ಕಪ್ಪು ಗ್ರೀಸ್ ಚಿಮ್ಮಿದ ಗುರುತು ಇದ್ದರೆ ಆ ಜಾಯಿಂಟ್‌ನ ಆಯುಸ್ಸು ಮುಗಿಯುತ್ತಾ ಬಂತು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್.

ನಮ್ಮ ಕರಾವಳಿಯ ಗಾಡಿಗಳಿಗೆ ಇನ್ನೊಂದು ರೋಗ ಇದೆ. ಇದನ್ನು ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಕಾಣುವುದು ಕಡಿಮೆ. ಲಿಫ್ಟ್ ಮಾಡಿಸಿದವರಿಗೆ ಮರಳು ಕಂಡರೆ ಇಳಿಸುವ ಆಸೆ. ಮಲ್ಪೆಯಿಂದ ಮರವಂತೆಯ ತನಕ ಕಡಲು ಕೈಗೆ ಸಿಗುವಷ್ಟು ಹತ್ತಿರ. ಅಲೆ ಬಂದು ಹೋದ ಒದ್ದೆ ಮರಳಿನಲ್ಲಿ ನಾಲ್ಕು ಸಲ ಓಡಿಸಿ, ಮೇಲಿನಿಂದ ಮಾತ್ರ ನೀರು ಹೊಡೆದು ತೊಳೆದರೆ ಸಾಕು, ಉಪ್ಪು ಚಾಸಿಸ್‌ನ ಪೆಟ್ಟಿಗೆಯೊಳಗೆ ಹೊಕ್ಕು ಕೂರುತ್ತದೆ. ಹೊರಗೆ ಎಲ್ಲ ಚಂದ, ಒಳಗಿನಿಂದ ತಿನ್ನುತ್ತದೆ. ಹಾಗಾಗಿ ಕೆಳಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದು ಕಂಡರೆ ಖುಷಿಪಡಬೇಡಿ, ಯಾವಾಗ ಮತ್ತು ಯಾಕೆ ಎಂದು ಕೇಳಿ. ಸಣ್ಣ ಸುತ್ತಿಗೆಯಿಂದ ಚಾಸಿಸ್ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಟಣ್ ಅನ್ನುತ್ತದೆ. ತಿಂದ ಜಾಗ ಹಲಗೆ ಬಡಿದ ಹಾಗೆ ಮಂಕಾಗಿ ಕೇಳುತ್ತದೆ. ಸ್ಪ್ರಿಂಗ್ ಕೂರುವ ಬಟ್ಟಲುಗಳು, ಶಾಕ್ ಕಟ್ಟುವ ಬ್ರಾಕೆಟ್‌ಗಳು, ಬಾಡಿ ಮತ್ತು ಚಾಸಿಸ್ ಸೇರುವ ಜಾಗಗಳು ಇಲ್ಲಿ ಮುಖ್ಯ. ಲಿಫ್ಟ್ ಹಾಕುವಾಗ ಬಿಚ್ಚಿ ಕಟ್ಟಿದ ಬೋಲ್ಟ್‌ಗಳ ಲೇಪನ ಕಿತ್ತುಹೋಗಿರುತ್ತದೆ. ತುಕ್ಕು ಅಲ್ಲೇ ಶುರುವಾಗುವುದು.

ನೀರಿನ ಕಥೆಯೂ ಹಾಗೇ. ಹೊಸ ಥಾರ್ 650 ಮಿ.ಮೀ. ನೀರಿನಲ್ಲಿ ದಾಟಬಹುದು ಎಂದು ಕಂಪನಿ ಹೇಳುತ್ತದೆ. ಎತ್ತರಿಸಿದ ಮೇಲೆ ಇನ್ನೂ ಆಳಕ್ಕೆ ಇಳಿಸಬಹುದು ಎಂದು ಕೆಲವರು ಧೈರ್ಯ ಮಾಡುತ್ತಾರೆ. ಆಕ್ಸಲ್ ಮತ್ತು ಅದರ ಸೀಲ್‌ಗಳು ಇದ್ದಲ್ಲೇ ಇವೆ ಎನ್ನುವುದನ್ನು ಮರೆಯುತ್ತಾರೆ. ಹಿಂದಿನ ಡಿಫರೆನ್ಷಿಯಲ್ಲಿನ ಪ್ಲಗ್ ಬಿಚ್ಚಿಸಿ ಒಂದು ಚಮಚ ಆಯಿಲ್ ತೆಗೆಸಿ. ಆಯಿಲ್‌ಗೆ ಆಯಿಲ್‌ನ ಬಣ್ಣವೇ ಇರಬೇಕು. ಹಾಲು ಹಾಕಿದ ಚಾ ಹಾಗೆ ಕಂಡರೆ ಒಳಗೆ ನೀರು ಹೋಗಿದೆ. ಇದಕ್ಕೆ ಐದು ನಿಮಿಷ ಸಾಕು. ಮಾರುವವರು ಬೇಡ ಅಂದರೆ ಅದೂ ಒಂದು ಉತ್ತರವೇ.

33 ಇಂಚಿನ ಟೈರಿನ ವಿಚಾರ ಇನ್ನೊಂದಿಷ್ಟು. ಸ್ಪೀಡೋಮೀಟರ್ ಸರಿಮಾಡಿಸಿಲ್ಲದಿದ್ದರೆ ಅದರಲ್ಲಿ ತೋರುವುದು ಕಂಪನಿ ಟೈರಿನ ಲೆಕ್ಕ. ಟೈರ್ ಸುತ್ತಳತೆ ಶೇಕಡಾ 5.7ರಷ್ಟು ಜಾಸ್ತಿ. ಇದಕ್ಕಿಂತ ಮುಂಚೆ 80 ಎಂದು ತೋರಿಸುತ್ತಿದ್ದ ಗಾಡಿ ಈಗ ಅದೇ 80 ತೋರಿಸುವಾಗ ಇನ್ನೂ ನಾಲ್ಕೂವರೆ ಕಿ.ಮೀ. ಜಾಸ್ತಿ ವೇಗದಲ್ಲಿ ಹೋಗುತ್ತಿರುತ್ತದೆ. 58,000 ಕಿ.ಮೀ. ಅಷ್ಟೂ ಇದೇ ಟೈರಿನಲ್ಲಿ ಓಡಿದ್ದರೆ ನಿಜವಾದ ಓಟ 61,000ಕ್ಕಿಂತ ಮೇಲೆ. ಭಾರದ ಚಕ್ರ ನಿಲ್ಲಿಸಲು ಬ್ರೇಕಿಗೆ ಜಾಸ್ತಿ ಕೆಲಸ, ತಿರುಗಿಸಲು ಕ್ಲಚ್‌ಗೆ ಜಾಸ್ತಿ ಕೆಲಸ. ಸ್ಟೆಪ್ನಿಯೂ ಅಷ್ಟೇ ದೊಡ್ಡದಾಗಿದ್ದರೆ ಹಿಂದಿನ ಬಾಗಿಲು ತೆರೆದು ಮೆಲ್ಲಗೆ ಎತ್ತಿ ನೋಡಿ. ಹಿಂಜ್ ಸಡಿಲವಾಗಿ ಬಾಗಿಲು ಜೋತುಬಿದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಓಡಿಸಿ ನೋಡಲು ಹತ್ತು ನಿಮಿಷದ ಸುತ್ತು ಸಾಲುವುದಿಲ್ಲ. ಅರ್ಧ ದಿನ ಕೇಳಿ. ಪಡುಬಿದ್ರಿಯಿಂದ ಉಡುಪಿ ತನಕ ಹೈವೇಯಲ್ಲಿ 60, 70, 80 ಹೀಗೆ ಒಂದೊಂದು ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ, ನಡುಕ ಯಾವಾಗ ಬರುತ್ತದೆ ಗಮನಿಸಿ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರುತ್ತದಾ ನೋಡಿ. ಆಮೇಲೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿ ಇಳಿಯಿರಿ. ಆ ಹೇರ್‌ಪಿನ್ ತಿರುವುಗಳು ಯಾವ ವರ್ಕ್‌ಶಾಪೂ ಹೇಳದ್ದನ್ನು ಹೇಳುತ್ತವೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಉಜ್ಜುತ್ತದಾ, ಮುಂದಿನಿಂದ ಕಟಕಟ ಶಬ್ದ ಬರುತ್ತದಾ, ಇಳಿಯುವಾಗ ಬ್ರೇಕ್ ಒತ್ತಿದರೆ ಒಂದು ಬದಿಗೆ ಎಳೆಯುತ್ತದಾ. ಇಳಿದು ಬಂದು ಅಲೈನ್‌ಮೆಂಟ್ ಸೆಂಟರ್‌ನಲ್ಲಿ ಅಳತೆಯ ಪ್ರಿಂಟ್ ತೆಗೆಸಿ. ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಮಾತ್ರ ಹಸಿರು ತೋರಿಸಿ, ಕ್ಯಾಂಬರ್ ಮತ್ತು ಕ್ಯಾಸ್ಟರ್ ಕೆಂಪು ಇದ್ದರೆ ಆರ್ಮ್ ಬದಲಿಸಿಲ್ಲ ಎನ್ನುವ ಅನುಮಾನ ಗಟ್ಟಿಯಾಗುತ್ತದೆ.

ಕಾನೂನಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು. ಅದರಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಈ ಹೊಣೆ ಗಾಡಿಯ ಮಾಲೀಕರದ್ದು. ಗಾಡಿ ನಿಮ್ಮ ಹೆಸರಿಗೆ ಬಂದ ಮೇಲೆ "ಹಿಂದಿನವರು ಮಾಡಿಸಿದ್ದು" ಎಂದು ಹೇಳಿ ದಾರಿ ಮಧ್ಯೆ ಜಾರಿಕೊಳ್ಳಲು ಆಗುವುದಿಲ್ಲ. ನಮ್ಮಲ್ಲಿ ಯಾರೂ ಹಿಡಿಯುವುದಿಲ್ಲ ಎಂದು ಹೇಳುವವರಿದ್ದಾರೆ. ತಲಪಾಡಿ ದಾಟಿ ಕೇರಳಕ್ಕೆ ಹೋಗಿ ಬಂದವರನ್ನು ಕೇಳಿದರೆ ಬೇರೆ ಮಾತು ಕೇಳುತ್ತೀರಿ. ದಂಡಕ್ಕಿಂತ ನನಗೆ ಜಾಸ್ತಿ ಚಿಂತೆ ಇನ್ಶೂರೆನ್ಸಿನದ್ದು. ಪಾಲಿಸಿಯಲ್ಲಿ ಬರೆಸದ ಮಾರ್ಪಾಡು ಇರುವ ಗಾಡಿ ಮಗುಚಿಕೊಂಡರೆ, ಕಂಪನಿಯ ಸರ್ವೇಯರ್ ಮೊದಲು ಬೊಟ್ಟು ಮಾಡುವುದು ಅದಕ್ಕೇ. ಆರ್‌ಸಿಯಲ್ಲಿ ಸಾಲದ ನಮೂದು, ಬಾಕಿ ಚಲನ್, ಚಾಸಿಸ್ ನಂಬರ್ ಇವನ್ನೆಲ್ಲ ಯಾವ ಹಳೇ ಗಾಡಿಗಾದರೂ ನೋಡುವಂತೆ ಇದಕ್ಕೂ ನೋಡಿ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಭಾವ ಹೇಳಿದಂತೆ ಬಿಟ್ಟು, ಯಾರೂ ಕೈಹಾಕದ ಥಾರ್ ಹುಡುಕುವುದು ಎಲ್ಲಕ್ಕಿಂತ ನಿಶ್ಚಿಂತೆ. ಜೂನ್ ತನಕ ಸಮಯ ಇದೆ, ಅವಸರ ಬೇಡ. ಎರಡನೆಯದು, ಇದನ್ನೇ ತೆಗೆದುಕೊಂಡು ಕಂಪನಿ ಸಸ್ಪೆನ್ಷನ್‌ಗೆ ತರುವುದು. ಖಂಡಿತ ತರಬಹುದು, ಬೆಸುಗೆ ಹಾಕದೆ, ಏನನ್ನೂ ಕತ್ತರಿಸದೆ ಲಿಫ್ಟ್ ಮಾಡಿದ್ದರೆ. ಮಾರುವವರ ಬಳಿ ಬಿಚ್ಚಿಟ್ಟ ಸ್ಪ್ರಿಂಗ್, ಶಾಕ್, ವೀಲ್ ಇದೆಯಾ ಎನ್ನುವುದೇ ದೊಡ್ಡ ಪ್ರಶ್ನೆ. ಇದ್ದರೆ ಅವೆಲ್ಲ ಗಾಡಿಯ ಜೊತೆಗೆ ಬರಬೇಕು ಎಂದು ಮೊದಲೇ ಮಾತಾಡಿ. ಇಲ್ಲದಿದ್ದರೆ ಹೊಸ ಸಾಮಾನು, ಐದು ಟೈರ್, ಕೂಲಿ, ಅಲೈನ್‌ಮೆಂಟ್ ಎಲ್ಲದರ ಕೊಟೇಶನ್ ತಂದು ಆ ಮೊತ್ತ ಬೆಲೆಯಲ್ಲಿ ಕಳೆಯಿರಿ. ಅವರು ಸುರಿದ ಎರಡು ಲಕ್ಷಕ್ಕೆ ನೀವು ಒಂದು ರೂಪಾಯಿಯೂ ಜಾಸ್ತಿ ಕೊಡಬೇಕಾಗಿಲ್ಲ. ಮೂರನೆಯದು, ಲಿಫ್ಟ್ ಹಾಗೇ ಇಟ್ಟು ಆರ್ಮ್, ಅಡ್ಡ ರಾಡ್, ಬ್ರೇಕ್ ಪೈಪ್ ಎಲ್ಲ ಸರಿಯಾಗಿ ಮಾಡಿಸುವುದು. ಈಜಾಟ ಹೋಗಬಹುದು. ಆದರೆ ಕಾನೂನಿನ ತೊಂದರೆ ಹಾಗೇ ಉಳಿಯುತ್ತದೆ. ಇನ್ನೊಂದು, ಮನಾಲಿ-ಲೇಹ್ ದಾರಿಯಲ್ಲಿ ಕೀಲಾಂಗ್ ದಾಟಿದ ಮೇಲೆ ಹೊರದೇಶದ ಶಾಕ್ ಸೋರಲು ಶುರುವಾದರೆ ಅಲ್ಲಿ ಯಾರ ಬಳಿಯೂ ಅದು ಸಿಗುವುದಿಲ್ಲ. ಕಂಪನಿಯದ್ದಾದರೆ ಮನಾಲಿಯಿಂದಲೋ ಚಂಡೀಗಢದಿಂದಲೋ ತರಿಸಿಕೊಳ್ಳಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಚಾಸಿಸ್ ಗಟ್ಟಿ ಇದ್ದು, ಆಯಿಲ್ ಸ್ವಚ್ಛ ಇದ್ದು, ಹಳೇ ಸಾಮಾನು ಜೊತೆಗೆ ಬರುವುದಾದರೆ ಎರಡನೇ ದಾರಿ. ಈ ಮೂರರಲ್ಲಿ ಒಂದು ತಪ್ಪಿದರೂ ಬಿಟ್ಟುಬಿಡಿ ಮಾರಾಯ್ರೇ, ಥಾರ್‌ಗೇನೂ ಬರಗಾಲ ಇಲ್ಲ.

ವಾಪಸ್ ಹಾಕಿಸುವಾಗ ಮೆಕ್ಯಾನಿಕ್ ಬಳಿ ಒಂದು ಮಾತು ಹೇಳಿ. ಆರ್ಮ್‌ಗಳ ರಬ್ಬರ್ ಬುಶ್ ಬೋಲ್ಟನ್ನು ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಾಗಲೇ ಕೊನೆಯ ಬಿಗಿ ಮಾಡಬೇಕು. ಜ್ಯಾಕ್ ಮೇಲೆ ನೇತಾಡುವಾಗಲೇ ಬಿಗಿದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ನೋಡಿಸಿ. ಹೊರಡುವ ಎರಡು ತಿಂಗಳ ಮೊದಲೇ ಈ ಕೆಲಸ ಮುಗಿದಿರಲಿ.

ಇನ್ನು ನಿಮ್ಮ ಮನೆಯವರ ಸೊಂಟ ನೋವು. ಎತ್ತರಿಸಿದ ಗಾಡಿ ಮೆತ್ತಗೆ ಓಡುತ್ತದೆ ಎನ್ನುವ ನಂಬಿಕೆಯೂ ಇದೆ. ಲಿಫ್ಟ್ ಸ್ಪ್ರಿಂಗ್‌ಗಳು ಹೆಚ್ಚಾಗಿ ಕಬ್ಬಿಣದ ಬಂಪರ್, ವಿಂಚ್, ಸಾಮಾನಿನ ಭಾರಕ್ಕೆಂದು ಗಟ್ಟಿಯಾಗಿ ಮಾಡಿದಂಥವು. ಇಬ್ಬರೇ ಕೂತು ನಾಲ್ಕು ಬ್ಯಾಗ್ ಇಟ್ಟರೆ ಅವು ಕೆಲಸವನ್ನೇ ಮಾಡುವುದಿಲ್ಲ, ಪ್ರತಿ ಉಬ್ಬೂ ನೇರ ಸೀಟಿಗೆ ಬರುತ್ತದೆ. ಹತ್ತಿ ಇಳಿಯುವುದೂ ಮೂರು ಇಂಚಿನ ಜೊತೆಗೆ ಟೈರಿನ ಎತ್ತರವೂ ಸೇರಿ ಕಷ್ಟ. ದಿನಕ್ಕೆ ಎಂಟು ಹತ್ತು ಸಲ ಹತ್ತಿ ಇಳಿಯಬೇಕಾಗುತ್ತದೆ, ಸೊಂಟಕ್ಕೆ ಅದೇ ಜಾಸ್ತಿ. ಆಗುಂಬೆಗೆ ಹೋಗುವ ಆ ಅರ್ಧ ದಿನ ಅವರನ್ನೂ ಕರೆದುಕೊಂಡು ಹೋಗಿ. ಹೆಬ್ರಿಯಲ್ಲಿ ಚಾಗೆ ನಿಲ್ಲಿಸಿ, ಮೇಲೆ ಸೂರ್ಯಾಸ್ತದ ಪಾಯಿಂಟ್‌ನಲ್ಲಿ ಇನ್ನೊಮ್ಮೆ ನಿಲ್ಲಿಸಿ, ಅವರು ಹೇಗೆ ಇಳಿಯುತ್ತಾರೆ, ಮರುದಿನ ಬೆಳಿಗ್ಗೆ ಎದ್ದಾಗ ಏನು ಹೇಳುತ್ತಾರೆ ಕೇಳಿ. ಅಡ್ವಾನ್ಸ್ ಕೊಡುವುದು ಅದರ ನಂತರ ಇರಲಿ.